ಸೋಮವಾರದ ಗ್ರಂಥಾಲಯ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆದವಳು ನಾನು. ಕಣ್ಣಿಗೆ ಬಿದ್ದು ಓದದೆ ಬಿಟ್ಟ ಕಾಗದ ನನ್ನ ಬದುಕಿನಲ್ಲಿ ಕಡಿಮೆ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಕೆಳಗಿನ ಮುದ್ರಣಾಲಯದ ಹೆಸರು ಓದುತ್ತೇನೆ. ಕಡಲೆಕಾಯಿ ಪೊಟ್ಟಣ ಬಿಡಿಸಿ, ಅದರೊಳಗಿದ್ದ ಯಾರದೋ ಮಗುವಿನ ಗಣಿತದ ಉತ್ತರಪತ್ರಿಕೆ ಓದಿ, ಕೊನೆಯ ಲೆಕ್ಕಕ್ಕೆ ಮೇಷ್ಟ್ರು ಒಂದು ಅಂಕ ಕಡಿಮೆ ಕೊಟ್ಟಿದ್ದಾರಲ್ಲ ಎಂದು ಸಂಕಟಪಟ್ಟವಳು. ಔಷಧಿ ಪೆಟ್ಟಿಗೆಯೊಳಗಿನ ಚೀಟಿಯನ್ನು ಪೂರ್ತಿ ಓದಿ, ಅಲ್ಲಿ ಬರೆದಿರುವ ಅಡ್ಡಪರಿಣಾಮಗಳನ್ನೆಲ್ಲ ಒಂದೊಂದಾಗಿ ಅನುಭವಿಸಿದ್ದೇನೆ. ಇಂಥ ನಾನು ಒಂದು ಖಾಲಿ ಹಾಳೆಯ ಕೆಳಗೆ ಅಂದವಾಗಿ ಸಹಿ ಹಾಕಿದೆ. ಆ ಹಾಳೆಯ ಮೇಲೆ ಆಮೇಲೆ ಬರೆದುಕೊಂಡದ್ದು, ನಮ್ಮ ಗ್ರಂಥಾಲಯಕ್ಕೆ ಓದುವ ಕೊಠಡಿ ಬೇಕಾಗಿಲ್ಲ ಎಂದು.

ಕೋಪದಲ್ಲಿ ಬರೆಯಬಾರದು, ಇಳಿದ ಮೇಲೆ ಬರೆಯಬೇಕು ಎಂದು ಹಿರಿಯರು ಹೇಳುತ್ತಾರೆ. ಎರಡು ತಿಂಗಳು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಇನ್ನೊಂದು ಕಷ್ಟವೂ ಇದೆ. ನಮ್ಮೂರಿನಲ್ಲಿ ಅರವತ್ತು ದಾಟಿದ ಹೆಂಗಸಿಗೆ ಕೋಪ ಬಂದರೆ ಅದನ್ನು ಅಭಿಪ್ರಾಯ ಎಂದು ಯಾರೂ ಎಣಿಸುವುದಿಲ್ಲ, ಕಾಯಿಲೆ ಎಂದು ಎಣಿಸುತ್ತಾರೆ. "ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಅತ್ಯಂತ ಅಕ್ಕರೆಯಿಂದ ವಿಚಾರಿಸುತ್ತಾರೆ. ಪುರಾಣದ ಋಷಿಗಳು ಸಿಟ್ಟಾದರೆ ಅದು ಶಾಪವಾಗುತ್ತಿತ್ತು, ರಾಜರು ಓಡಿಬಂದು ಕಾಲಿಗೆ ಬೀಳುತ್ತಿದ್ದರು. ಸ್ವಾಮಿ, ಸ್ವಲ್ಪ ಉಪ್ಪು ಕಡಿಮೆ ಮಾಡಿ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ನಾನಿರುವುದು ಚಾಮರಾಜಪುರಂನಲ್ಲಿ. ಗ್ರಂಥಾಲಯ ಯಾವ ಬಡಾವಣೆಯದು ಎಂದು ಮಾತ್ರ ಹೇಳುವುದಿಲ್ಲ. ಮೈಸೂರಿನಲ್ಲಿ ಬಡಾವಣೆಯ ಹೆಸರು ಹೇಳಿದರೆ ಬೀದಿ ಗೊತ್ತಾಗುತ್ತದೆ, ಬೀದಿ ಗೊತ್ತಾದರೆ ಮನೆಯವರ ಗೋತ್ರದವರೆಗೂ ಹೋಗುತ್ತಾರೆ. ನನ್ನ ಮನೆಯಿಂದ ನಡೆದುಹೋಗುವಷ್ಟು ದೂರ ಎಂದರೆ ಸಾಕು. ಕೆಂಪು ಗಾರೆಯ ನೆಲ, ಎತ್ತರದ ಚಾವಣಿ, ಕಬ್ಬಿಣದ ಬೀರುಗಳು, ಪಕ್ಕದಲ್ಲಿ ಪಾರ್ಥೇನಿಯಂ ಬೆಳೆದ ಖಾಲಿ ನಿವೇಶನ. ಮಳೆಗಾಲದಲ್ಲಿ ಇತಿಹಾಸ ವಿಭಾಗದ ಕೆಳಗೆ ಬಕೆಟ್ ಇಡಬೇಕಾಗುತ್ತಿತ್ತು. ರಾಜವಂಶಗಳೆಲ್ಲ ಒಂದೊಂದಾಗಿ ಒದ್ದೆಯಾಗಿ ಉಬ್ಬಿಕೊಂಡಿದ್ದವು.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಮೊದಲೇ ಪತ್ರಿಕೆ ಓದುವವರು ಮೆಟ್ಟಿಲ ಮೇಲೆ ಸೇರಿರುತ್ತಾರೆ. ಇವರದೊಂದು ಅಲಿಖಿತ ಕಾನೂನಿದೆ. ಒಂದು ಪತ್ರಿಕೆಯನ್ನು ಹಾಳೆಹಾಳೆಯಾಗಿ ಬಿಡಿಸಿ ಐದಾರು ಜನ ಓದುತ್ತಾರೆ. ಶ್ರದ್ಧಾಂಜಲಿಯ ಪುಟ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದವರಿಗೆ ಮೊದಲು ಹೋಗುತ್ತದೆ, ತಮ್ಮ ಗೆಳೆಯರು ಯಾರಾದರೂ ಹೊರಟರೇ ಎಂದು ಅವರು ನೋಡಿಕೊಳ್ಳಬೇಕಲ್ಲ. ಓದಿದವರು ತಲೆ ಎತ್ತದೆ ಎಡಕ್ಕೆ ದಾಟಿಸುತ್ತಾರೆ. ಹತ್ತು ವರ್ಷ ಪಕ್ಕಪಕ್ಕ ಕುಳಿತವರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರುವುದಿಲ್ಲ. ಒಬ್ಬರು ನಾಲ್ಕು ದಿನ ಬಾರದಿದ್ದರೆ ಮಾತ್ರ ಎಲ್ಲರೂ ಬಾಗಿಲ ಕಡೆ ನೋಡುತ್ತಿರುತ್ತಾರೆ.

ಬೀರುಗಳ ಹಿಂದೆ, ಕಿಟಕಿಯ ಪಕ್ಕ, "ಮಹಿಳೆಯರಿಗೆ ಮಾತ್ರ" ಎಂಬ ಫಲಕದ ಕೆಳಗೆ ಒಂದು ಮೇಜು, ನಾಲ್ಕು ಕುರ್ಚಿ. ಅದರಲ್ಲಿ ಒಂದೇ ಕುರ್ಚಿಗೆ ಫ್ಯಾನಿನ ಗಾಳಿ ಬರುತ್ತದೆ. ಆ ಕುರ್ಚಿಗೆ ನಾನೂ ಮಂಗಳಾ ಎನ್ನುವವಳೂ ಜಗಳವಾಡಿಯೇ ಪರಿಚಯವಾದದ್ದು. ನಾನು ವಯಸ್ಸು ಮುಂದೆ ಮಾಡಿದೆ. ಅವಳು, "ನಾನು ಒಂಬತ್ತಕ್ಕೇ ಬಂದಿದೀನಿ ಮೇಡಂ, ನೀವು ಹತ್ತಕ್ಕೆ" ಎಂದಳು. ನ್ಯಾಯ ಅವಳ ಕಡೆಗಿತ್ತು, ಕುರ್ಚಿಯೂ ಅವಳಿಗೇ ಉಳಿಯಿತು.

ಮಂಗಳಾ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಎರಡನೇ ಪಾಳಿ. ಮನೆ ಶ್ರೀರಾಂಪುರದಲ್ಲಿ: ಎರಡು ಕೋಣೆ, ಐದು ಜನ, ಒಂದು ಟಿ.ವಿ. ಬೆಳಿಗ್ಗೆ ಅಡುಗೆ ಮುಗಿಸಿ, ಮಕ್ಕಳನ್ನು ಕಳಿಸಿ, ಒಂಬತ್ತಕ್ಕೆ ಇಲ್ಲಿಗೆ ಬರುತ್ತಾಳೆ. ಹನ್ನೆರಡೂವರೆಗೆ ಎದ್ದು ಹೆಬ್ಬಾಳದ ಬಸ್ಸು ಹಿಡಿಯುತ್ತಾಳೆ. ನಡುವಿನ ಮೂರೂವರೆ ಗಂಟೆ ಸರ್ಕಾರಿ ಗುಮಾಸ್ತರ ಹುದ್ದೆಯ ಪರೀಕ್ಷೆಗೆ ಓದುತ್ತಾಳೆ. ಎರಡು ಸಲ ಬರೆದು ಸ್ವಲ್ಪದರಲ್ಲಿ ತಪ್ಪಿಹೋಗಿದೆ. "ಮುಂದಿನ ಸಲ ಕರೆಯೋ ಹೊತ್ಗೆ ನಂಗೆ ವಯಸ್ಸು ದಾಟೋಗಿರುತ್ತೆ ಮೇಡಂ. ಇದೇ ಕೊನೇದು" ಎಂದು ಒಂದು ದಿನ ಹೇಳಿದಳು. ಅಂದಿನಿಂದ ಅವಳ ಪುಸ್ತಕ ನನ್ನ ಕೈಗೆ ಬಂತು. ದಿನಕ್ಕೆ ಇಪ್ಪತ್ತು ಪ್ರಶ್ನೆ. ನಾನು ಪಿಸುಮಾತಿನಲ್ಲಿ ಕೇಳಬೇಕು, ಅವಳು ಕಣ್ಣು ಮುಚ್ಚಿಕೊಂಡು ಉತ್ತರ ಹೇಳಬೇಕು. ನಾನು ಪ್ರಶ್ನೆ ಓದಿ ನಡುವೆ ನನ್ನ ಟೀಕೆ ಟಿಪ್ಪಣಿ ಸೇರಿಸಿದರೆ, "ಮೇಡಂ, ಬಸ್ಸಿಗೆ ಹೊತ್ತಾಗುತ್ತೆ" ಎಂದು ಗದರುತ್ತಿದ್ದಳು. ನಿವೃತ್ತಿಯ ನಂತರ ನನ್ನನ್ನು ಹಾಗೆ ಕೆಲಸಕ್ಕೆ ಹಚ್ಚಿದವಳು ಅವಳೊಬ್ಬಳೇ.

ಇನ್ನು ಗ್ರಂಥಾಲಯ ಸಮಿತಿಯ ವಿಷಯ. ಸಮಿತಿಗೆ ಒಬ್ಬ ಮಹಿಳೆ ಬೇಕಿತ್ತು, ಒಬ್ಬ ಓದುಗರ ಪ್ರತಿನಿಧಿ ಬೇಕಿತ್ತು. ನನ್ನನ್ನು ಸೇರಿಸಿಕೊಂಡರೆ ಒಂದೇ ಕುರ್ಚಿಯಲ್ಲಿ ಎರಡು ಕೆಲಸ ಮುಗಿಯುತ್ತದೆ ಎಂದು ಅಧ್ಯಕ್ಷರಾದ ರಾಜಣ್ಣನವರು ಲೆಕ್ಕ ಹಾಕಿದರು. ರಾಜಣ್ಣನವರದು ಪಾತ್ರೆ ಅಂಗಡಿ. ಒಳ್ಳೆಯವರು, ವಿಭೂತಿ ಹಚ್ಚಿದ ಹಣೆ, ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಕೆಟ್ಟವರ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ. ಒಳ್ಳೆಯವರ ಮೇಲೆ ಮಾಡಿಕೊಂಡ ಕೋಪ ಜೀರ್ಣವಾಗುವುದಿಲ್ಲ.

ಗ್ರಂಥಾಲಯ ನವೀಕರಣ ಮತ್ತು ವಿಸ್ತರಣೆ ಎಂಬ ವಿಷಯಸೂಚಿ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಸೋರುವ ಚಾವಣಿಯ ಬಗ್ಗೆ ವರ್ಷಗಟ್ಟಲೆ ಅರ್ಜಿ ಬರೆದವಳೂ ನಾನೇ. ಶ್ರೀರಾಂಪುರದ ಆಚೆಯವರೆಗೆ ಬಡಾವಣೆಗಳು ಬೆಳೆದಿವೆ, ಸಂಜೆ ಮಕ್ಕಳು ನಿಂತುಕೊಂಡೇ ಓದುತ್ತಾರೆ, ಜಾಗ ನಿಜಕ್ಕೂ ಸಾಲದು. ಹಾಗಾಗಿ ಹೊಸ ರೇಷ್ಮೆ ಸೀರೆಯುಟ್ಟು ಸಭೆಗೆ ಹೋದೆ.

ಬೆಂಗಳೂರಿನಿಂದ ಬಂದ ಸಲಹೆಗಾರರು ಗೋಡೆಯ ಮೇಲೆ ಚಿತ್ರ ತೋರಿಸಿದರು. ಮೂರಂತಸ್ತಿನ ಗಾಜಿನ ಕಟ್ಟಡ. ಮುಂದೆ ಹುಲ್ಲುಹಾಸು. ಒಳಗೆ ಕಾಫಿ ಕುಡಿಯುವ ಜಾಗ, ಫೋಟೋ ತೆಗೆಸಿಕೊಳ್ಳುವ ಜಾಗ, ಸುಮ್ಮನೆ ಒರಗಿಕೊಳ್ಳುವ ಜಾಗ. ಚಿತ್ರದ ತುಂಬ ಜನ ಓಡಾಡುತ್ತಿದ್ದರು. ಗಂಡಸರೆಲ್ಲ ಕೋಟು ಹಾಕಿದ್ದರು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ. ಒಬ್ಬಾಕೆ ನಾಯಿಯನ್ನು ಹಿಡಿದುಕೊಂಡು ಗ್ರಂಥಾಲಯದೊಳಕ್ಕೇ ಹೋಗುತ್ತಿದ್ದಳು. ಒಬ್ಬರ ಕೈಯಲ್ಲೂ ಪುಸ್ತಕವಿರಲಿಲ್ಲ. ಇದನ್ನು ನಾನು ಗಮನಿಸಿದೆ. ಗಮನಿಸುವುದೇ ನನ್ನ ಕಸುಬು. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಖಾರಾಬಾತ್ ಬಂತು.

ಇಲ್ಲಿ ನಮ್ಮ ಸಮಿತಿಗಳ ಒಂದು ಪದ್ಧತಿಯನ್ನು ತಿಳಿಸಬೇಕು. ಸಭೆಯಲ್ಲಿ ನಡೆದದ್ದನ್ನು ಬರೆಯುವ ದಪ್ಪ ಪುಸ್ತಕಕ್ಕೆ ನಡಾವಳಿ ಪುಸ್ತಕ ಎನ್ನುತ್ತಾರೆ. ಸಭೆ ನಡೆದ ಮೇಲೆ ಬರೆಯಬೇಕು, ಬರೆದದ್ದನ್ನು ಓದಬೇಕು, ಓದಿದ ಮೇಲೆ ಸಹಿ ಹಾಕಬೇಕು. ಆದರೆ ತಿಂಡಿ ತಿಂದ ಮೇಲೆ ಕೈ ಎಣ್ಣೆಯಾಗಿರುತ್ತದೆ, ಕಾಫಿ ಕುಡಿದ ಮೇಲೆ ಜನ ಸಿಗುವುದಿಲ್ಲ. ಆದ್ದರಿಂದ ತಿಂಡಿಗೆ ಮುಂಚೆಯೇ ಖಾಲಿ ಪುಟದ ಕೆಳಭಾಗದಲ್ಲಿ ಎಲ್ಲರ ಸಹಿ ಪಡೆಯುತ್ತಾರೆ. ಮೇಲ್ಭಾಗ ಪುರಸೊತ್ತಾದಾಗ ತುಂಬಿಕೊಳ್ಳುತ್ತದೆ. ಈ ಪದ್ಧತಿ ಎಷ್ಟು ಸಭ್ಯವಾಗಿದೆಯೆಂದರೆ, ಓದಿ ಸಹಿ ಹಾಕುತ್ತೇನೆ ಎನ್ನುವವರು ಮನೆಗೆ ಕರೆದವರ ಊಟದಲ್ಲಿ ಕಲ್ಲು ಹುಡುಕಿದಷ್ಟು ಅಸಭ್ಯರಾಗಿ ಕಾಣುತ್ತಾರೆ. ನಾನು ಸಹಿ ಹಾಕಿದೆ. ಆಮೇಲೆ ಖಾರಾಬಾತಿನಲ್ಲಿ ಗೋಡಂಬಿ ಇದೆಯೇ ಎಂದು ನೋಡಿದೆ.

ಮೂರು ವಾರದ ನಂತರ ಒಂದು ಬೆಳಿಗ್ಗೆ ಹೋದಾಗ ಮಂಗಳಾ ಮೇಜಿನ ಬಳಿ ಇರಲಿಲ್ಲ. ಮೇಜೂ ಇರಲಿಲ್ಲ. ಅದಿದ್ದ ಕಡೆ ಸಿಮೆಂಟ್ ಚೀಲಗಳನ್ನು ಪೇರಿಸಿದ್ದರು. ಮಂಗಳಾ ಸೂಚನಾ ಫಲಕದ ಮುಂದೆ ನಿಂತಿದ್ದಳು.

"ಮೇಡಂ, ಇಲ್ಬನ್ನಿ. ಇದು ನಿಮ್ ಸೈನೇ ಅಲ್ವಾ?"

ನಡಾವಳಿಯ ನಕಲು ಅಂಟಿಸಿದ್ದರು. ಓದಿದೆ. ಓದುಗರ ಸಂಖ್ಯೆ ನಗಣ್ಯವಾಗಿರುವುದನ್ನು ಸ್ಥಳ ಪರಿಶೀಲನೆಯಿಂದ ಮನಗಂಡು, ಹಾಲಿ ಓದುವ ಕೊಠಡಿಯನ್ನು ತೆರವುಗೊಳಿಸಿ ಬಹೂಪಯೋಗಿ ಸಭಾಂಗಣ ನಿರ್ಮಿಸಲು ಸರ್ವಾನುಮತದಿಂದ ಒಪ್ಪಲಾಯಿತು. ಗುದ್ದಲಿ ಪೂಜೆಯ ದಿನದಿಂದ ಎರಡು ವರ್ಷ ಗ್ರಂಥಾಲಯ ಮುಚ್ಚಿರುತ್ತದೆ. ಕೆಳಗೆ ಐದು ಸಹಿ. ನಾಲ್ಕು ಗೀಚಿದಂತಿದ್ದವು. ಐದನೆಯದನ್ನು ಮಾತ್ರ ದೂರದಿಂದಲೂ ಓದಬಹುದಿತ್ತು, ಒಂದೊಂದು ಅಕ್ಷರವೂ ಮುತ್ತಿನಂತೆ: ಜಯಲಕ್ಷ್ಮಮ್ಮ, ಓದುಗರ ಪ್ರತಿನಿಧಿ.

"ಹೂಂ, ನಂದೇ" ಎಂದೆ.

"ಪರೀಕ್ಷೆಗೆ ಇನ್ನು ನಾಕು ತಿಂಗ್ಳಿದೆ. ನಿಮ್ಗೆ ಗೊತ್ತಿತ್ತಲ್ವಾ? ಓದ್ಲಿಲ್ವಾ ಇದನ್ನ?"

ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನಾನು ಬೇರೆಯವರ ವಿಷಯಕ್ಕೆ ಧಾರಾಳವಾಗಿ ಬಳಸುತ್ತಿದ್ದೆ. ಆ ದಿನ ಬೇಲಿ ನಾನೇ ಆಗಿದ್ದೆ. ಪತ್ರಿಕೆಯವರ ಬೆಂಚುಗಳಲ್ಲಿ ಜಾಗ ಸಿಗದೆ ಅವಳು ಸಿಟಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಓದುತ್ತಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

ಓದುಗರ ಸಂಖ್ಯೆ ನಗಣ್ಯವಂತೆ! ಮೆಟ್ಟಿಲ ಮೇಲೆ ಕುಳಿತು ಬಾಗಿಲು ತೆರೆಯುವುದನ್ನೇ ಕಾಯುವವರು ಯಾರ ಕಣ್ಣಿಗೂ ಬೀಳಲಿಲ್ಲವೇ? ಗ್ರಂಥಪಾಲಕ ಮಹದೇವುವಿನ ಬಳಿ ಹೋಗಿ ಆ ಸ್ಥಳ ಪರಿಶೀಲನೆಯ ವರದಿ ಕೇಳಿದೆ. ಮಹದೇವು ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾನೆ. ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಕತ್ತಲಲ್ಲೂ ಹೇಳುತ್ತಾನೆ. ದೊಡ್ಡವರು ಬಂದರೆ ಮಾತ್ರ ಅವನ ಸೊಂಟ ತನ್ನಷ್ಟಕ್ಕೆ ಬಗ್ಗುತ್ತದೆ. ವರದಿಯಲ್ಲಿ ಬಣ್ಣದ ಫೋಟೋಗಳಿದ್ದವು. ಖಾಲಿ ಕುರ್ಚಿಗಳು. ಖಾಲಿ ಬೆಂಚುಗಳು. ಪತ್ರಿಕೆ ಇಡುವ ಇಳಿಜಾರಿನ ಹಲಗೆ ಬೋಳು. ಎಲ್ಲದರ ಕೆಳಗೆ ದಪ್ಪಕ್ಷರದಲ್ಲಿ "ಬಳಕೆಯಿಲ್ಲದ ಸ್ಥಳ" ಎಂದು ಬರೆದಿತ್ತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದೆ. ಮೂರನೇ ಫೋಟೋದಲ್ಲಿ, ಮಹದೇವುವಿನ ಮೇಜಿನ ಹಿಂದಿನ ಗೋಡೆಯಲ್ಲಿ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಕಂಡಿತು. ದಿನಾಂಕದ ಕೆಳಗೆ ವಾರ: ಸೋಮವಾರ.

ನಮ್ಮ ಗ್ರಂಥಾಲಯಕ್ಕೆ ವಾರದ ರಜೆ ಸೋಮವಾರ.

"ಮಹದೇವು, ಈ ಸಲಹೆಗಾರರು ಸೋಮವಾರ ಬಂದಿದ್ದರಾ?"

"ಔದ್ರಮ್ಮ. ಜನ ಇದ್ರೆ ಅಡ್ಡಡ್ಡ ಬತ್ತಾರೆ, ಫೋಟೋ ನೀಟಾಗ್ ಬರಾಕಿಲ್ಲ, ರಜಾ ದಿನ ಬಾಗ್ಲು ತಗುದ್ಕೊಡಿ ಅಂದ್ರು. ನಾನೇ ಬಂದು ಬೀಗ ತಗುದ್ಕೊಟ್ಟೆ."

"ಆಮೇಲೆ ಓದೋರೇ ಇಲ್ಲ ಅಂತ ಬರೆದುಕೊಂಡು ಹೋದರಾ?"

"ಇರ್ನಿಲ್ವಲ್ರಮ್ಮ, ಅವತ್ತು."

"ನೀನು ಹೇಳಬಾರದಾಗಿತ್ತೇನೋ, ಇವತ್ತು ರಜೆ ಅಂತ?"

"ಅವ್ರಿಗೆ ಗೊತ್ತಿತ್ತು ಕಣ್ರಮ್ಮ, ರಜಾ ಅಂತಾನೆ ಬಂದಿದ್ದು. ದೊಡ್ಡೋರು ಬರದವ್ರೆ, ಅಂಗೇ ಬುಡಿ ಜಯಮ್ಮೋರೆ."

ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರನ್ನು ನಾವು ದಡ್ಡರೆನ್ನುತ್ತೇವೆ. ಇಲ್ಲಿ ಎತ್ತು ಈದದ್ದಕ್ಕೆ ಬಣ್ಣದ ಫೋಟೋ ಇತ್ತು, ವರದಿ ಇತ್ತು, ಐದು ಜನರ ಸಹಿ ಇತ್ತು. ಜನ ಬಂದರೆ ಚಿತ್ರ ಕೆಡುತ್ತದೆ ಎಂದು ಜನರನ್ನು ಬಿಟ್ಟು ಚಿತ್ರ ತೆಗೆದರು. ಚಿತ್ರದಲ್ಲಿ ಜನರಿಲ್ಲ ಎಂದು ಜನರಿಗೆ ಜಾಗ ಬೇಡ ಎಂದರು. ನನಗೆ ಮೈಯೆಲ್ಲ ಉರಿಯಿತು. ಮೋಸ ಮಾಡಿದ್ದರೆ ಒಂದು ಕೈ ನೋಡಬಹುದಿತ್ತು. ಇದರಲ್ಲಿ ಯಾರೂ ಮೋಸ ಮಾಡಿರಲಿಲ್ಲ, ಎಲ್ಲರೂ ನೀಟಾಗಿ ಕೆಲಸ ಮಾಡಿದ್ದರು.

ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ನಮ್ಮ ಮನೆಗಳಲ್ಲಿ ಪುಸ್ತಕಗಳನ್ನು ಪೇರಿಸಿ, ಅರಿಶಿನ ಕುಂಕುಮ ಇಟ್ಟು, ಹೂವೇರಿಸಿ ಪೂಜೆ ಮಾಡುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯಾಗುವ ತನಕ ಓದುವಂತಿಲ್ಲ. ಚಿಕ್ಕಂದಿನಲ್ಲಿ ನಮಗೆಲ್ಲ ಅದಕ್ಕಿಂತ ಪ್ರಿಯವಾದ ದೇವರ ಆಜ್ಞೆ ಬೇರೆ ಇರಲಿಲ್ಲ. ನಾನೊಬ್ಬಳು ಮಾತ್ರ ದೇವರ ಮನೆಗೆ ನುಗ್ಗಿ, ಹೂವು ಸರಿಸಿ, ಅರ್ಧಕ್ಕೆ ಬಿಟ್ಟ ಕತೆ ಓದುತ್ತಾ ಸಿಕ್ಕಿಬಿದ್ದು ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ಆ ಪದ್ಧತಿ ನನಗೆ ಈಗ ಅರ್ಥವಾಗುತ್ತದೆ. ಒಂದೆರಡು ದಿನ ಕೈಗೆ ಸಿಗದಿದ್ದರೆ ಬೆಲೆ ತಿಳಿಯುತ್ತದೆ, ಆಮೇಲೆ ವಿಸರ್ಜನೆ ಮಾಡಿ ಕೈಗೆ ಕೊಡುತ್ತಾರೆ. ನಮ್ಮ ಸಮಿತಿಯದು ಎರಡು ವರ್ಷದ ಪೂಜೆ. ಮುಗಿದ ಮೇಲೆಯೂ ಪುಸ್ತಕ ಗಾಜಿನ ಬೀರುವಿನಲ್ಲಿ, ಓದುವವರು ಬೀದಿಯಲ್ಲಿ.

ವಿಸ್ತರಣೆ ಎಂಬ ಪದದ ಬಗ್ಗೆಯೂ ನನಗೆ ಹಳೆಯ ಅನುಮಾನವಿದೆ. ಅಚ್ಚುಕೂಟಕ್ಕೆ ಕೆಲವು ಲೇಖಕರು ಬರುತ್ತಿದ್ದರು. ಪುಸ್ತಕ ದಪ್ಪ ಕಾಣಬೇಕು ಅವರಿಗೆ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಡಿ, ಕಾಗದ ದಪ್ಪದ್ದು ಹಾಕಿ ಎನ್ನುತ್ತಿದ್ದರು. ಹಾಗೆ ಮಾಡಿದರೆ ನಲವತ್ತು ಪುಟದ ಸರಕು ನೂರು ಪುಟವಾಗುತ್ತಿತ್ತು. ಅದೇ ಸರಕು. ಕರಡು ತಿದ್ದುವವಳಿಗೆ ಕೆಲಸ ಮಾತ್ರ ಹೆಚ್ಚು.

ಭೂತಗನ್ನಡಿಯನ್ನೂ ವರದಿಯನ್ನೂ ಎತ್ತಿಕೊಂಡು ರಾಜಣ್ಣನವರ ಅಂಗಡಿಗೆ ಹೋದೆ. ಸ್ಟೀಲ್ ಕೊಳಗಗಳ ನಡುವೆ ನಿಂತು ನಾನು ಕೂಗಿದ್ದು ಕೊಳಗಗಳಲ್ಲೆಲ್ಲ ಮೊಳಗಿತು. ಅವರು ಶಾಂತವಾಗಿ ಕೇಳಿಸಿಕೊಂಡು, ಸ್ಟೂಲು ಒರೆಸಿ ಕೊಟ್ಟು, ಮಜ್ಜಿಗೆ ತರಿಸಿದರು.

"ಅಮ್ಮಾ, ಯಾಕ್ ಇಷ್ಟೊಂದು ಸಿಟ್ಟು? ಬೆಳಿಗ್ಗೆ ಮಾತ್ರೆ ತಗೊಂಡ್ರಾ?"

"ಸೋಮವಾರ ಫೋಟೋ ತೆಗೆದು ಓದೋರಿಲ್ಲ ಅಂತ ಬರೆದಿದ್ದಾರೆ ರಾಜಣ್ಣೋರೆ. ನೀವೇ ಕಣ್ಣಾರೆ ನೋಡಿ."

"ಇರ್ಬೌದು ಕಣಮ್ಮ. ಆದ್ರೂ ಈಗೆಲ್ಲ ಮೊಬೈಲ್ನಲ್ಲೇ ಓದ್ತಾರಲ್ಲ. ಒಳ್ಳೆ ಹಾಲ್ ಆದ್ರೆ ನಾಮಕರಣ, ನಿಶ್ಚಿತಾರ್ಥ ಅಂತ ನಾಕು ಜನ ಬತ್ತಾರೆ, ಗ್ರಂಥಾಲಯಕ್ಕೂ ಕಳೆ ಬರುತ್ತೆ. ಎರಡೇ ವರ್ಷ."

"ಎರಡು ವರ್ಷ ಕಾಯೋಕಾಗದೇ ಇರೋರು ಇದ್ದಾರೆ." ಮಂಗಳಾಳ ವಿಷಯ ಹೇಳಿದೆ. ಪರೀಕ್ಷೆ, ವಯಸ್ಸು, ಬಸ್ ನಿಲ್ದಾಣದ ಬೆಂಚು.

"ಪಾಪ" ಎಂದರು. ನಿಜವಾಗಿ ಮರುಕಪಟ್ಟೇ ಎಂದರು. ಆಮೇಲೆ ಇನ್ನೂ ಮೃದುವಾಗಿ, "ಅಮ್ಮಾ, ನೀವೇ ಸೈ ಹಾಕಿದೀರಲ್ಲ" ಎಂದರು.

ಮಜ್ಜಿಗೆ ಕುಡಿದು ಮನೆಗೆ ಬಂದೆ. ಜಗತ್ತಿನ ಮೇಲಿನ ಕೋಪಕ್ಕೆ ದಾರಿಗಳು ಹತ್ತಾರು, ಬೀದಿಯಲ್ಲಿ ನಿಂತು ಬೈಯಬಹುದು, ಪತ್ರಿಕೆಗೆ ಬರೆಯಬಹುದು. ತನ್ನ ಮೇಲಿನ ಕೋಪಕ್ಕೆ ಅಡುಗೆಮನೆಯ ಪಾತ್ರೆಗಳೇ ಗತಿ. ಆ ವಾರ ನಮ್ಮ ಮನೆಯ ಎರಡು ಲೋಟ ನಜ್ಜುಗುಜ್ಜಾದವು. ಅವೂ ರಾಜಣ್ಣನವರ ಅಂಗಡಿಯವೇ, ಆದ್ದರಿಂದ ಹೆಚ್ಚು ಪಶ್ಚಾತ್ತಾಪವಾಗಲಿಲ್ಲ.

ಗುದ್ದಲಿ ಪೂಜೆಯ ದಿನ ಗೊತ್ತಾಯಿತು. ಮುಹೂರ್ತ ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ. ಬುಧವಾರ ಎಂದು ಕೇಳಿದಾಗ ಮಹದೇವುವನ್ನು ಪಕ್ಕಕ್ಕೆ ಕರೆದೆ. "ಯಾರನ್ನೂ ಕರೀಬೇಡ, ಯಾರನ್ನೂ ಓಡಿಸಬೇಡ. ದಿನಾ ತೆಗೆಯೋ ಹಾಗೆ ಎಂಟೂವರೆಗೆ ಬಾಗಿಲು ತೆಗಿ. ಅಷ್ಟು ಮಾಡು ಸಾಕು" ಎಂದೆ. "ಅದು ನನ್ ಡ್ಯೂಟಿನೇ ಅಲ್ವರಾ" ಎಂದ. ಮಹದೇವುವಿನ ಸೊಂಟ ನೆಟ್ಟಗಾದದ್ದನ್ನು ನಾನು ನೋಡಿದ್ದು ಅಂದೇ.

ಆ ಬುಧವಾರ ಹತ್ತು ಗಂಟೆಗೆ ರಾಜಣ್ಣನವರೂ ಸಮಿತಿಯವರೂ ಸಲಹೆಗಾರರೂ ಬಂದರು. ಪುರೋಹಿತರು, ಗುದ್ದಲಿಗೆ ಕಟ್ಟಲು ಹೂವಿನ ಹಾರ, ತಿಂಡಿಯ ಪಾತ್ರೆಗಳು ಎಲ್ಲ ಹಿಂದೆ ಬಂದವು. ಓದುವ ಕೊಠಡಿ ತುಂಬಿಹೋಗಿತ್ತು. ಬೆಂಚುಗಳ ಮೇಲೆ ಜಾಗವಿಲ್ಲ, ಕಿಟಕಿಯ ಕಟ್ಟೆಯ ಮೇಲೂ ಇಬ್ಬರು. ಹಾಳೆಗಳು ಎಡಕ್ಕೆ ದಾಟುತ್ತಿದ್ದವು. ಯಾರೂ ತಲೆ ಎತ್ತಲಿಲ್ಲ. ಸಲಹೆಗಾರರು ಬಾಗಿಲಲ್ಲೇ ನಿಂತು ಬೆರಗಾಗಿ ಕೇಳಿದರು:

"ಇಷ್ಟೊಂದು ಜನಾನಾ! ಇವ್ರೆಲ್ಲ ಪೂಜೆಗೆ ಬಂದೋರಾ?"

"ಇಲ್ಲ ಸಾ," ಮಹದೇವು ಹೇಳಿದ, "ಇವ್ರು ದಿನಾ ಬರೋರು. ನೀವೇ ಇವತ್ತು ಬಂದಿರೋದು."

ನಾನು ಆಗ ಬಾಯಿ ತೆರೆದೆ. ಏನೇನು ಹೇಳಿದೆ ಎಂದು ಪೂರ್ತಿ ನೆನಪಿಲ್ಲ. ಸೋಮವಾರ, ಕ್ಯಾಲೆಂಡರು, ಬೋಳು ಹಲಗೆ, ಖಾಲಿ ಹಾಳೆ ಎಲ್ಲವನ್ನೂ ಹೇಳಿದೆ. ಓದದೆ ಸಹಿ ಹಾಕಿದ ನಾನೊಬ್ಬ ಮೂರ್ಖಳು ಎಂದೂ ಎಲ್ಲರೆದುರು ಹೇಳಿದೆ. ದನಿ ಎಷ್ಟು ಏರಿತ್ತೆಂದರೆ "ನಿಶ್ಶಬ್ದ" ಎಂಬ ಫಲಕದ ಕೆಳಗೇ ನಿಂತಿದ್ದೇನೆಂದು ಆಮೇಲೆ ಅರಿವಾಯಿತು. ಸಮಿತಿಯವರು ನನ್ನ ರಕ್ತದೊತ್ತಡವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ರಾಜಣ್ಣನವರು ಎಂದಿನ ನಗೆ ನಕ್ಕು, "ಆಯ್ತು ಕಣಮ್ಮ, ಪೂಜೆ ಮುಗೀಲಿ, ಆಮೇಲೆ ಕೂತ್ಕೊಂಡು ಮಾತಾಡಣ" ಎನ್ನುತ್ತಿದ್ದರು. ನಮ್ಮ ಕಡೆ ಆಮೇಲೆ ಎಂದರೆ ಎಂದೂ ಇಲ್ಲ ಎಂದು ಎಲ್ಲರಿಗೂ ಗೊತ್ತು.

ಆಗ ಮೂರನೇ ಬೆಂಚಿನಿಂದ ಒಂದು ಪತ್ರಿಕೆ ಕೆಳಗಿಳಿಯಿತು. ಅದರ ಹಿಂದಿನಿಂದ ಎಂಬತ್ತರ ಹತ್ತಿರದ ಒಂದು ಮುಖ ಕಾಣಿಸಿತು.

"ಅಲ್ಲಾ ರಾಜಣ್ಣ, ಇದ್ನ ಮುಚ್ಬುಟ್ರೆ ನಾನು ಎಲ್ಲಿಗ್ ಹೋಗ್ಲಯ್ಯ? ದಿನಾ ಬೆಳಿಗ್ಗೆ ಮೂರು ಗಂಟೆ ಹೊತ್ತು ನಿಮ್ಮಕ್ಕನ ಎದುರ್ಗೇ ಕೂತಿರ್ಲಾ?"

ರಾಜಣ್ಣನವರ ಕೈಯಲ್ಲಿದ್ದ ತೆಂಗಿನಕಾಯಿ ಕೈಯಲ್ಲೇ ಉಳಿಯಿತು. ಪತ್ರಿಕೆಯ ಹಿಂದಿದ್ದವರು ಅಧ್ಯಕ್ಷರ ಸ್ವಂತ ಭಾವ, ಅಕ್ಕನ ಗಂಡ. ಆರು ವರ್ಷದಿಂದ ದಿನಾ ಅದೇ ಬೆಂಚಿನಲ್ಲಿ ಕುಳಿತಿದ್ದರಂತೆ. ಅದು ಅವರ ಪಕ್ಕದಲ್ಲಿದ್ದವರಿಗೂ ಗೊತ್ತಿರಲಿಲ್ಲ, ಅಧ್ಯಕ್ಷರಿಗೂ ಗೊತ್ತಿರಲಿಲ್ಲ. "ಭಾವಾ, ನೀವು... ಇಲ್ಲಿ..." ಎಂದು ರಾಜಣ್ಣನವರು ತೊದಲಿದರು. ಭಾವನವರು ಉತ್ತರಕ್ಕೆ ಕಾಯದೆ ಮತ್ತೆ ಪತ್ರಿಕೆ ಎತ್ತಿಕೊಂಡರು.

ಐದು ನಿಮಿಷದಲ್ಲಿ ಎಲ್ಲ ಬದಲಾಯಿತು. ಇದಕ್ಕೂ ನನಗೆ ಕೋಪವೇ! ದಾಖಲೆ, ಪುರಾವೆ, ಭೂತಗನ್ನಡಿ, ಒಬ್ಬ ಹೆಣ್ಣುಮಗಳ ಕೊನೆಯ ಪರೀಕ್ಷೆ, ಇವು ಯಾವುವೂ ಸರಿಸಲಾಗದ ಕಲ್ಲನ್ನು ಭಾವನ ಒಂದು ಗೊಣಗಾಟ ಸರಿಸಿತು. ಮೈಸೂರಿನಲ್ಲಿ ನ್ಯಾಯ ಬರುವುದಿದ್ದರೆ ನೆಂಟಸ್ತನದ ಹಿತ್ತಲ ಬಾಗಿಲಿನಿಂದಲೇ ಬರಬೇಕು. ಭಾವ ಇಲ್ಲದವರು ಏನು ಮಾಡಬೇಕು ಎಂದು ಕೂಗಬೇಕೆನಿಸಿತು. ಆದರೆ ಕಲ್ಲು ಸರಿಯುತ್ತಿರುವಾಗ ಯಾರು ತಳ್ಳಿದರು ಎಂದು ಜಗಳ ತೆಗೆಯಬಾರದು ಎನ್ನುವಷ್ಟು ಬುದ್ಧಿ ಅದೃಷ್ಟಕ್ಕೆ ಉಳಿದಿತ್ತು. ನಡಾವಳಿ ಪುಸ್ತಕವನ್ನು ಕೈಗೆ ತೆಗೆದುಕೊಂಡೆ.

ಪಕ್ಕದ ಖಾಲಿ ನಿವೇಶನದಲ್ಲಿ ಹೊಸ ಕಟ್ಟಡವನ್ನು ಮೊದಲು ಕಟ್ಟುವುದು. ಅಲ್ಲಿ ಓದುವ ಕೊಠಡಿ ತೆರೆದ ಮರುದಿನವಷ್ಟೇ ಹಳೆಯದನ್ನು ದುರಸ್ತಿಗೆ ಮುಚ್ಚುವುದು. ಮಹಿಳೆಯರ ಮೇಜನ್ನು ಇಂದೇ ಅದರ ಜಾಗಕ್ಕೆ ತರುವುದು. ಇಷ್ಟನ್ನು ಬರೆದು, ತಿಂಡಿಯ ಪಾತ್ರೆಯ ಮುಚ್ಚಳದ ಮೇಲೆ ಎಡಗೈ ಇಟ್ಟುಕೊಂಡು, ಗಟ್ಟಿಯಾಗಿ ಓದಿದೆ. ಸಮಿತಿಯವರು ಪೆನ್ನಿಗೆ ಕೈ ಚಾಚಿದರು. "ಇನ್ನೊಂದು ಸಲ ಓದುತ್ತೇನೆ, ಕೇಳಿಸಿಕೊಳ್ಳಿ" ಎಂದೆ. ಎರಡು ಸಲ ಓದಿದ ಮೇಲೆ ಸಹಿ ಹಾಕಿಸಿಕೊಂಡೆ. ಉಪ್ಪಿಟ್ಟು ಆರಿಹೋಗಿತ್ತು. ಪುರೋಹಿತರು ಪಾರ್ಥೇನಿಯಂ ನಡುವೆ ಪೂಜೆ ಮುಗಿಸಿದರು. ಸಿಮೆಂಟ್ ಚೀಲಗಳು ಹೊರಗೆ ಹೋದವು, ಮೇಜು ಒಳಗೆ ಬಂತು. ಫಲಕವನ್ನು ನಾನೇ ಒರೆಸಿದೆ.

ಮರುದಿನ ಬೆಳಿಗ್ಗೆ ನಾನು ಒಂಬತ್ತಕ್ಕೆ ಮುಂಚೆಯೇ ಹೋದೆ. ಸುಳ್ಳೇಕೆ ಹೇಳಲಿ, ನಾಲ್ಕು ಒಳ್ಳೆಯ ಮಾತು ಕೇಳುವ ಆಸೆಯಿಂದಲೇ ಹೋದದ್ದು. ಮೇಜು ಬಂದಿದೆ ಎಂದು ಮಹದೇವು ಮಂಗಳಾಳಿಗೆ ಫೋನು ಮಾಡಿ ಹೇಳಿದ್ದ. ಮಂಗಳಾ ಬಂದಳು. ಫ್ಯಾನಿನ ಕುರ್ಚಿಯಲ್ಲಿ ಕುಳಿತಳು, ಚೀಲದಿಂದ ಪುಸ್ತಕ ತೆಗೆದಳು. ಬಸ್ ನಿಲ್ದಾಣದ ಧೂಳಿಗೆ ಪುಸ್ತಕದ ಅಂಚು ಕಂದಿತ್ತು.

"ಇಪ್ಪತ್ತೆರಡು ದಿನ ಮೇಡಂ" ಎಂದಳು.

"ಏನು?"

"ಆ ಬೆಂಚಿನ ಮೇಲೆ ಕೂತಿದ್ದು. ಬಸ್ಸು ಹಾರನ್ ಹೊಡೆದಾಗೆಲ್ಲ ಓದಿದ್ದು ಮರ್ತೋಗ್ತಿತ್ತು. ಒಂದೊಂದ್ ಪುಟ ಮೂರ್ಮೂರು ಸಲ ಓದ್ದೆ. ನೀವು ಓದಿ ಸೈ ಹಾಕಿದ್ರೆ ಆ ಇಪ್ಪತ್ತೆರಡು ದಿನ ನನ್ನತ್ರ ಇರ್ತಿತ್ತು."

ನಾನು ಸಲಹೆಗಾರರ ಸೋಮವಾರವನ್ನೂ ಸಮಿತಿಯ ಪದ್ಧತಿಯನ್ನೂ ವಿವರಿಸಲು ಹೊರಟೆ.

"ಅದೆಲ್ಲ ಗೊತ್ತು. ಮಹದೇವಣ್ಣ ಹೇಳಿದ್ರು. ನನ್ ಸಿಟ್ಟು ಅವ್ರ ಮೇಲಲ್ಲ. ಅವ್ರು ನಂಗೆ ಯಾರೂ ಅಲ್ಲ."

ಕೆನ್ನೆಗೆ ಹೊಡೆದಂತಾಯಿತು. ಇಷ್ಟು ದಿನ ಈ ಪ್ರಕರಣದಲ್ಲಿ ಕೋಪಗೊಳ್ಳುವ ಗುತ್ತಿಗೆ ನನಗೊಬ್ಬಳಿಗೇ ಸಿಕ್ಕಿದೆ ಎಂದು ನಂಬಿದ್ದೆ. ಊರೆಲ್ಲ ಕೂಗಾಡಿ, ಲೋಟ ನಜ್ಜುಗುಜ್ಜು ಮಾಡಿ, ಎಲ್ಲರೆದುರು ನಾನು ಮೂರ್ಖಳು ಎಂದು ಸಾರಿದ್ದೆ. ಕಳೆದುಕೊಂಡವಳ ಎದುರು ಮಾತ್ರ ಹೇಳಿರಲಿಲ್ಲ. ಸಮಾಧಾನ ಮಾಡ್ಕೋ ಮಗಳೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ತಪ್ಪಾಯ್ತು ಮಂಗಳಾ" ಎಂದೆ.

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಪುಸ್ತಕವನ್ನು ನನ್ನ ಕಡೆ ತಳ್ಳಿದಳು. "ಇವತ್ತಿಂದ ಇಪ್ಪತ್ತಲ್ಲ, ನಲವತ್ತು ಕೇಳ್ಬೇಕು" ಎಂದು ಕಣ್ಣು ಮುಚ್ಚಿದಳು.

ಕೇಳಲು ಶುರು ಮಾಡಿದೆ. ಮೂರನೆಯದಕ್ಕೆ ತಪ್ಪು ಉತ್ತರ ಹೇಳಿದಳು. ಅಂದು ಅವಳನ್ನು ನೋಯಿಸುವ ಮನಸ್ಸು ನನಗಿರಲಿಲ್ಲ, ಸುಮ್ಮನೆ ಮುಂದಿನದಕ್ಕೆ ಹೋಗಬಹುದಿತ್ತು. ಪುಟವನ್ನು ಕಣ್ಣಿನ ಹತ್ತಿರಕ್ಕೆ ತಂದು ಮತ್ತೊಮ್ಮೆ ಪೂರ್ತಿ ಓದಿದೆ. "ತಪ್ಪು" ಎಂದೆ.

"ಹೂಂ. ಅಂಗ್ ಹೇಳಿ" ಎಂದಳು.